ಮಗಳ ಬ್ಯಾಗು ಹೊರುವವರಿಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲೂಕುಗಳಲ್ಲಿ ಆಟಕ್ಕೆ ಇಳಿದಿರುವ ಹೆಣ್ಣುಮಕ್ಕಳ ತಂದೆತಾಯಂದಿರಿಗೆ,



ಹೋಬಳಿ ಮಟ್ಟದಲ್ಲಿ ಗೆದ್ದ ಮಗಳ ಸರ್ಟಿಫಿಕೇಟನ್ನು ಊರಿನ ಟೀ ಅಂಗಡಿಯವರೆಗೂ ಒಯ್ದು ತೋರಿಸಿದ ಅಪ್ಪಂದಿರನ್ನು ನಾನು ಬಲ್ಲೆ. ಅದೇ ಮಗಳು ಎರಡು ವರ್ಷದ ನಂತರ ವಿಭಾಗ ಮಟ್ಟದಲ್ಲಿ ಹಿಂದೆ ಬಿದ್ದಾಗ, "ಸಾಕು ಬಿಡಿ ಮೇಡಂ, ಇನ್ನು ಓದ್ಕಳ್ಳಿ" ಎಂದವರೂ ಅವರೇ. ಈ ನಾಲ್ಕು ತಾಲೂಕುಗಳ ಶಾಲಾ ಮೈದಾನಗಳಲ್ಲಿ ಸೀಟಿ ಊದುತ್ತಲೇ ವಯಸ್ಸು ಕಳೆದು ನಿವೃತ್ತಳಾದವಳು ನಾನು. ಗೆದ್ದ ದಿನ ಹೇಗಿರಬೇಕು ಎಂದು ಯಾರಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಬರೆಯುತ್ತಿರುವುದು ಗೆಲುವು ಬಾರದ ವರ್ಷಗಳ ಬಗ್ಗೆ. ಒಳ್ಳೆಯ ಓಟಗಾರ್ತಿಯರು, ಖೋಖೋ ಹುಡುಗಿಯರು ನಮ್ಮ ಕೈಬಿಟ್ಟುಹೋದದ್ದು ಆ ವರ್ಷಗಳಲ್ಲೇ.

ಅದಕ್ಕೆ ನಾನು ಆರಿಸಿಕೊಂಡಿರುವ ಉದಾಹರಣೆ ಗಾಲ್ಫ್ ಆಟದ್ದು. ನಗಬೇಡಿ. ಕಡಲೆಕಾಯಿ, ಮೆಕ್ಕೆಜೋಳ ಬೆಳೆಯುವ ಸೀಮೆಗೂ ಆ ಹುಲ್ಲುಹಾಸಿನ ಆಟಕ್ಕೂ ಏನು ಸಂಬಂಧ ಎಂದು ನೀವು ಕೇಳುವುದು ಸರಿಯೇ. ಅದು ಉಳ್ಳವರ ಆಟ, ನಮ್ಮ ಮಕ್ಕಳು ಅದನ್ನು ಆಡಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಏರಿಳಿತವನ್ನು ಅಂಕಿಯಲ್ಲಿ ಬರೆದಿಟ್ಟು, ಯಾವುದನ್ನೂ ಮುಚ್ಚಿಡಲು ಬಿಡದೆ ತೋರಿಸುವ ಆಟ ಇದಕ್ಕಿಂತ ಬೇರೆ ನನಗೆ ಗೊತ್ತಿಲ್ಲ. ಚೆಂಡನ್ನು ಹದಿನೆಂಟು ಕುಳಿಗಳಿಗೆ ಎಷ್ಟು ಕಡಿಮೆ ಹೊಡೆತಗಳಲ್ಲಿ ಹಾಕುತ್ತೀರೋ ಅಷ್ಟು ಮೇಲೆ ನಿಮ್ಮ ಹೆಸರು. ಪಂದ್ಯ ಮೂರು ದಿನವೋ ನಾಲ್ಕು ದಿನವೋ ನಡೆಯುತ್ತದೆ. ಸಾಮಾನ್ಯವಾಗಿ ಎರಡು ದಿನ ಮುಗಿಯುತ್ತಿದ್ದಂತೆ ಹಿಂದುಳಿದವರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಕಟ್ ಎನ್ನುತ್ತಾರೆ. ಕಟ್ ದಾಟದವರಿಗೆ ಹೆಚ್ಚಾಗಿ ಬಹುಮಾನದ ದುಡ್ಡಿಲ್ಲ. ವಿಮಾನ, ಹೋಟೆಲು, ಊಟದ ಖರ್ಚೆಲ್ಲ ಆಟಗಾರ್ತಿಯದೇ, ಪ್ರಾಯೋಜಕರಿದ್ದರೆ ಪುಣ್ಯ. ತಿಂಗಳ ಸಂಬಳ ಎಂಬುದಿಲ್ಲ. ಮಳೆ ಕೈಕೊಟ್ಟ ವರ್ಷ ಬೀಜ ಗೊಬ್ಬರಕ್ಕೆ ಹಾಕಿದ್ದೂ ಬಾರದೆ ಹೋದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಅಂಥ ಆಟದಲ್ಲಿ ನಮ್ಮ ಬೆಂಗಳೂರಿನ ಹುಡುಗಿಯೊಬ್ಬಳಿದ್ದಾಳೆ, ಅದಿತಿ ಅಶೋಕ್. ದೊಡ್ಡ ಹೆಸರು ಮಾಡಿದವಳು, ಆದರೂ ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು, ಏಕವಚನದಲ್ಲೇ ಬರೆಯುತ್ತೇನೆ. ಹುಟ್ಟಿದ್ದು 1998ರ ಮಾರ್ಚ್ 29ರಂದು. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ. ಐದು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಣ್ಣಿಗೆ ಬಿತ್ತು, ಕುತೂಹಲಕ್ಕೆ ಒಳಗೆ ಹೋದರು, ಅಷ್ಟೇ. 2016ರ ಜನವರಿಯಲ್ಲಿ ವೃತ್ತಿಪರಳಾದಳು. ಅದೇ ಆಗಸ್ಟಿನಲ್ಲಿ ಹದಿನೆಂಟರ ವಯಸ್ಸಿಗೆ ರಿಯೊ ಒಲಿಂಪಿಕ್ಸ್. ಅಲ್ಲಿ ಮೊದಲೆರಡು ದಿನ 68, 68 ಹೊಡೆತಗಳಲ್ಲಿ ಮುಗಿಸಿ ಮೊದಲ ಹತ್ತರೊಳಗೆ ಬಂದಳು. ಟಿವಿಯವರು ಹೆಸರು ಕಲಿಯುವಷ್ಟರಲ್ಲಿ ಮೂರನೆಯ ದಿನ 79, ನಾಲ್ಕನೆಯ ದಿನ 76. ಕೊನೆಗೆ 41ನೇ ಸ್ಥಾನ. ಮೂರು ತಿಂಗಳು ಕಳೆಯಲಿಲ್ಲ, ನವೆಂಬರಿನಲ್ಲಿ ಭಾರತೀಯ ಮಹಿಳಾ ಓಪನ್ ಗೆದ್ದು, ವರ್ಷವಿಡೀ ಪಂದ್ಯಗಳ ಸರಣಿಯಾದ ಯುರೋಪಿಯನ್ ಮಹಿಳಾ ಟೂರ್‌ನಲ್ಲಿ ಪ್ರಶಸ್ತಿ ಪಡೆದ ಮೊದಲ ಭಾರತೀಯಳಾದಳು. ಎರಡು ವಾರದಲ್ಲೇ ಕತಾರಿನಲ್ಲೂ ಗೆದ್ದಳು. 2017ರಲ್ಲಿ ಅಮೆರಿಕದ ಎಲ್‌ಪಿಜಿಎ ಟೂರ್‌ಗೆ ಸೇರಿದಳು. ಆ ನವೆಂಬರಿನಲ್ಲಿ ಅಬುಧಾಬಿಯಲ್ಲಿ ಮೂರನೆಯ ಪ್ರಶಸ್ತಿ.

ಇಲ್ಲಿಯವರೆಗಿನ ಕಥೆ ನಮ್ಮ ಪತ್ರಿಕೆಗಳಲ್ಲಿ ಬಂದದ್ದೇ. ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. 2017ರ ನವೆಂಬರಿನಿಂದ 2023ರ ಫೆಬ್ರುವರಿಯವರೆಗೆ ಈ ಹುಡುಗಿ ಯುರೋಪಿನಲ್ಲಾಗಲಿ ಅಮೆರಿಕದಲ್ಲಾಗಲಿ ಒಂದು ಪ್ರಶಸ್ತಿಯನ್ನೂ ಗೆಲ್ಲಲಿಲ್ಲ. ಐದು ವರ್ಷಕ್ಕೂ ಮೇಲಾಯಿತು. ಎಂಟನೇ ಕ್ಲಾಸಿನ ಹುಡುಗಿ ಡಿಗ್ರಿ ಮೊದಲ ವರ್ಷಕ್ಕೆ ಬರುವಷ್ಟು ಕಾಲ. ಪ್ರತಿವಾರ ಒಂದು ದೇಶ, ಒಂದು ಸೂಟ್‌ಕೇಸು, ಎಷ್ಟೋ ವಾರ ಶುಕ್ರವಾರವೇ ಪಂದ್ಯ ಮುಗಿದು ಬರಿಗೈ. ಇವಳ ಹೊಡೆತ ಬೇರೆಯವರಷ್ಟು ದೂರ ಹೋಗುವುದಿಲ್ಲ. 2021ರಲ್ಲಿ ಕೋವಿಡ್ ಬಂದು ಮೈಯಲ್ಲಿದ್ದ ಬಲವೂ ಕುಗ್ಗಿತು. ಟೋಕಿಯೊ ಒಲಿಂಪಿಕ್ಸ್‌ಗೆ ಹೊರಟಾಗ ವಿಶ್ವ ಶ್ರೇಯಾಂಕದಲ್ಲಿ ಅವಳದು 200ನೇ ಸ್ಥಾನ. ನಮ್ಮ ಮನೆಯ ಮಗಳಾಗಿದ್ದರೆ ಆ ಹೊತ್ತಿಗೆ ಎಷ್ಟು ಸಲ "ಸಾಕು ಬಿಡು" ಕೇಳಿಸಿಕೊಂಡಿರುತ್ತಿದ್ದಳೋ ನೀವೇ ಲೆಕ್ಕ ಹಾಕಿ.

ಆ 200ನೇ ಸ್ಥಾನದವಳು ಟೋಕಿಯೊದಲ್ಲಿ 67, 66, 68, 68 ಆಡಿದಳು. ಮೂರನೆಯ ದಿನದ ಕೊನೆಗೆ ಒಬ್ಬಳೇ ಎರಡನೆಯ ಸ್ಥಾನದಲ್ಲಿದ್ದಳು. 2021ರ ಆಗಸ್ಟ್ 7, ಶನಿವಾರ. ಗಾಲ್ಫಿನ ಗಂಧಗಾಳಿ ಇಲ್ಲದ ನಾವೆಲ್ಲ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತಿದ್ದೆವು. ಕೊನೆಯ ಕುಳಿಯಲ್ಲಿ ಚೆಂಡು ಅಂಚಿನಲ್ಲಿ ತಪ್ಪಿತು. ಒಂದೇ ಒಂದು ಹೊಡೆತ ಹೆಚ್ಚಾಗಿ ನಾಲ್ಕನೆಯವಳಾದಳು. ಬೆಳ್ಳಿ, ಕಂಚು ಗೆದ್ದ ಇಬ್ಬರೂ ಇವಳಿಗಿಂತ ಮುಂದಿದ್ದದ್ದು ಆ ಒಂದು ಹೊಡೆತದಷ್ಟೇ. ಅದೇ ಸಂಜೆ ನೀರಜ್ ಚೋಪ್ರಾ ಭರ್ಜಿಯಲ್ಲಿ ಚಿನ್ನ ಗೆದ್ದರು, ದೇಶಕ್ಕೆ ದೇಶವೇ ಕುಣಿಯಿತು, ಬೆಳಗಿನ ಗಾಲ್ಫ್ ಮರೆತುಹೋಯಿತು. ತಪ್ಪೇನಿಲ್ಲ, ನಾನೂ ಪಟಾಕಿ ಹೊಡೆದೆ.

2023ರಲ್ಲಿ ಕೀನ್ಯಾದಲ್ಲಿ ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದಳು. ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನಲ್ಲಿ ಸಮಬಲವಾಗಿ, ಗೆದ್ದವರನ್ನು ತೀರ್ಮಾನಿಸುವ ಪ್ಲೇಆಫ್‌ನಲ್ಲಿ ಸೋತಳು. ಸೆಪ್ಟೆಂಬರ್-ಅಕ್ಟೋಬರಿನ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರನೆಯ ದಿನ ಹೊಡೆದದ್ದು 61. ಅಂದರೆ ಕೊನೆಯ ದಿನಕ್ಕೆ ಏಳು ಹೊಡೆತಗಳ ಮುನ್ನಡೆ, ಚಿನ್ನ ಜೇಬಿಗೆ ಬಂದ ಹಾಗೆಯೇ. ಮರುದಿನ 77. ಚಿನ್ನ ಥಾಯ್ಲೆಂಡಿನ ಅರ್ಪಿಚಯಾ ಯುಬೊಲ್ ಪಾಲಾಯಿತು, ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಎಂದು ಹೊಗಳುವ ಬಾಯಿಗಳೇ "ಚಿನ್ನ ಕಳಕೊಂಡಳು" ಎಂದೂ ಹೇಳಿದವು. ಎರಡು ತಿಂಗಳೊಳಗೆ ಅವಳು ಸ್ಪೇನಿನಲ್ಲಿ ಗೆದ್ದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮತ್ತೆ ಇಳಿತ, 29ನೇ ಸ್ಥಾನ.

ಈಗ ಹೇಳಿ, 61 ಹೊಡೆದವಳು ನಿಜವಾದ ಅದಿತಿಯೋ, ಮರುದಿನ ಬೆಳಿಗ್ಗೆ ಎದ್ದು 77 ಹೊಡೆದವಳೋ? ಎರಡು ದಿನದ ನಡುವೆ ಒಂದು ರಾತ್ರಿಯಷ್ಟೇ ಇತ್ತು. ಅದೇ ಕೈ, ಅದೇ ಮೈದಾನ. ಮಗಳ ಒಂದು ದಿನದ ಓಟ ನೋಡಿ ಅವಳ ಮುಂದಿನ ಹತ್ತು ವರ್ಷವನ್ನು ತೀರ್ಮಾನಿಸುವವರಿಗೆ ನಾನು ಕೇಳುವ ಪ್ರಶ್ನೆಯೂ ಇದೇ.

ಇದು ಭಾರತದ ಕಥೆ ಮಾತ್ರ ಅಲ್ಲ. ಮಹಿಳಾ ಗಾಲ್ಫ್ ಎಂದರೆ ಜಗತ್ತು ದಕ್ಷಿಣ ಕೊರಿಯಾದ ಕಡೆ ತಿರುಗುತ್ತದೆ. 1998ರಲ್ಲಿ ಆ ದೇಶ ಸಾಲದಲ್ಲಿ ಮುಳುಗಿ, ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಮುಂದೆ ಕೈಚಾಚಿ, ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದಾಗ ಸೆ ರಿ ಪಾಕ್ ಎಂಬ ಇಪ್ಪತ್ತರ ಹುಡುಗಿ ಅಮೆರಿಕದ ಮಹಿಳಾ ಓಪನ್‌ನಲ್ಲಿ ಬೂಟು, ಕಾಲುಚೀಲ ಕಳಚಿ ನೀರಿಗೆ ಇಳಿದು ಚೆಂಡು ಹೊಡೆದು, ಪ್ಲೇಆಫ್ ಗೆದ್ದಳು. ಅದನ್ನು ಟಿವಿಯಲ್ಲಿ ನೋಡಿದ, ಹತ್ತರ ಆಸುಪಾಸಿನ ಇನ್‌ಬಿ ಪಾರ್ಕ್ ಗಾಲ್ಫ್ ಹಿಡಿದಳು. 2008ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅದೇ ಓಪನ್ ಗೆದ್ದ ಅತಿ ಕಿರಿಯಳಾದಳು. ಆಮೇಲೆ? ಎಲ್‌ಪಿಜಿಎಯಲ್ಲಿ ನಾಲ್ಕು ವರ್ಷ ಒಂದು ಗೆಲುವೂ ಇಲ್ಲ. ಹೊಡೆತ ಎಲ್ಲಿ ಹೋಗಿ ಬೀಳುತ್ತದೋ ಅವಳಿಗೇ ತಿಳಿಯದ ಸ್ಥಿತಿ. ಆಗ ಜೊತೆಗೆ ನಿಂತು ಹೊಡೆತವನ್ನು ತಿದ್ದಿದವನು ಗಾಲ್ಫ್ ಆಟಗಾರನೇ ಆಗಿದ್ದ ಅವಳ ಗೆಳೆಯ, ಮುಂದೆ ಅವಳ ಗಂಡನಾದವನು. 2012ರಲ್ಲಿ ಗೆಲುವು ಮರಳಿತು. 2013ರಲ್ಲಿ ಮೇಜರ್ ಎನ್ನುವ ಅತಿ ದೊಡ್ಡ ಪಂದ್ಯಗಳಲ್ಲಿ ವರ್ಷದ ಮೊದಲ ಮೂರನ್ನೂ ಸಾಲಾಗಿ ಗೆದ್ದಳು. 2016ರಲ್ಲಿ ಹೆಬ್ಬೆರಳಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಡಲಾಗದೆ, ಒಲಿಂಪಿಕ್ಸ್ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಡಲಿ ಎಂಬ ಮಾತು ಅವಳ ದೇಶದಲ್ಲೇ ಎದ್ದಿತು. ರಿಯೊಗೆ ಹೋದಳು, ಐದು ಹೊಡೆತಗಳ ಅಂತರದಲ್ಲಿ ಚಿನ್ನ ತಂದಳು. ನಮ್ಮ ಅದಿತಿ 41ನೆಯವಳಾದದ್ದು ಆ ಪಂದ್ಯದಲ್ಲೇ. ಐದು ವರ್ಷದ ನಂತರ ಟೋಕಿಯೊದಲ್ಲಿ ಅದಿತಿ ನಾಲ್ಕನೆಯವಳು, ಇನ್‌ಬಿ 23ನೆಯವಳು.

ಕೊರಿಯಾವನ್ನು ಬರೀ ಹೊಗಳಿ ಮುಂದೆ ಹೋದರೆ ನಿಮಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2024ರ ಜೂನ್‌ನಲ್ಲಿ ಸೆ ರಿ ಪಾಕ್ ಸೋಲ್ ನಗರದಲ್ಲಿ ಪತ್ರಕರ್ತರ ಮುಂದೆ ಕೂತು ಅತ್ತಳು. ಅವಳ ಹೆಸರಿನ ಪ್ರತಿಷ್ಠಾನ ಅವಳ ತಂದೆಯ ಮೇಲೆಯೇ ಪೊಲೀಸರಿಗೆ ದೂರು ಕೊಟ್ಟಿತ್ತು. ತಂದೆಯ ಸಾಲಗಳನ್ನು ವರ್ಷಗಟ್ಟಲೆ ತಾನೇ ತೀರಿಸುತ್ತ ಬಂದೆ, ಇನ್ನು ಆಗುವುದಿಲ್ಲ ಎಂದಳು. ಮೊದಲ ಗುರುವಾಗಿ ಅವಳ ಕೈಗೆ ಗಾಲ್ಫ್ ಕೋಲು ಕೊಟ್ಟವನೂ ಆ ತಂದೆಯೇ. ಆ ಮನೆಯ ಒಳಗಿನದು ನಮಗೆ ಬೇಡ. ಆದರೆ "ಇವಳ ಮೇಲೆ ಇಷ್ಟು ಸುರಿದಿದ್ದೇನೆ" ಎಂಬ ಮಾತು ನಮ್ಮ ಹಳ್ಳಿಗಳಲ್ಲೂ ನನ್ನ ಕಿವಿಗೆ ಬಿದ್ದಿದೆ, ಸುರಿದದ್ದು ಒಂದು ಜೊತೆ ಬೂಟಿನ ದುಡ್ಡಾದರೂ ಸರಿ. ಅದನ್ನು ಕೇಳಿದ ಹುಡುಗಿಯ ಕಾಲಿಗೆ ಅವತ್ತಿನಿಂದ ಭಾರ ಕಟ್ಟಿದ ಹಾಗಾಗುತ್ತದೆ.

ಗಾಲ್ಫಿನಲ್ಲಿ ಕ್ಯಾಡಿ ಎಂಬ ಒಬ್ಬರಿರುತ್ತಾರೆ. ಆಟಗಾರ್ತಿಯ ಕೋಲುಗಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹದಿನೆಂಟು ಕುಳಿಯೂ ಜೊತೆಗೆ ನಡೆಯುವವರು. ನಿಯಮದ ಪ್ರಕಾರ ಅದರಲ್ಲಿ ಹದಿನಾಲ್ಕು ಕೋಲುಗಳವರೆಗೆ ಇರಬಹುದು. ಭಾರವೇ. ರಿಯೊದಲ್ಲಿ ಅದಿತಿಯ ಬ್ಯಾಗು ಹೊತ್ತದ್ದು ಅವಳ ಅಪ್ಪ ಅಶೋಕ್. ಟೋಕಿಯೊದಲ್ಲಿ, ಆ ಸೆಖೆಯಲ್ಲಿ ನಾಲ್ಕು ದಿನ ಹೊತ್ತದ್ದು ಅವಳ ಅಮ್ಮ ಮಹೇಶ್ವರಿ. ನನಗೆ ಈ ಇಡೀ ಕಥೆಯಲ್ಲಿ ಪದಕಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಕ್ಯಾಡಿಯ ವಿಷಯದಲ್ಲಿ 2019ರಲ್ಲಿ ಒಂದು ಹೊಸ ನಿಯಮ ಬಂದಿದೆ. ಆಟಗಾರ್ತಿ ಹೊಡೆಯಲು ಕಾಲೂರಿ ನಿಲ್ಲತೊಡಗಿದ ಮೇಲೆ ಕ್ಯಾಡಿ ಚೆಂಡಿನ ಹಿಂದೆ, ಅದು ಹೋಗುವ ನೇರಕ್ಕೆ ನಿಂತು ದಿಕ್ಕು ಸರಿಮಾಡುವ ಹಾಗಿಲ್ಲ. ದೂರ ಎಷ್ಟು, ಗಾಳಿ ಹೇಗಿದೆ, ಯಾವ ಕೋಲು ಎಂಬುದನ್ನೆಲ್ಲ ಹೇಳಬಹುದು. ಆಮೇಲೆ ಪಕ್ಕಕ್ಕೆ ಸರಿಯಬೇಕು. ಹೊಡೆತ ಅವಳದು.

ನಾನು ನಿಮ್ಮಿಂದ ಕೇಳುವುದೆಲ್ಲ ಈ ಎರಡರೊಳಗೇ ಇದೆ, ಹೊರುವುದು ಮತ್ತು ಸರಿಯುವುದು. ನಮ್ಮಲ್ಲಿ ಬಹಳ ಮಂದಿ ಮೊದಲನೆಯದನ್ನು ಗೆಲ್ಲುವವರೆಗೆ ಮಾತ್ರ ಮಾಡುತ್ತೇವೆ. ಎರಡನೆಯದನ್ನು ಮಾಡುವುದೇ ಇಲ್ಲ. ಟ್ರ್ಯಾಕಿನ ಪಕ್ಕದಲ್ಲಿ ಓಡುತ್ತ "ಬಿಡ್ಬೇಡ, ಬಿಡ್ಬೇಡ" ಎಂದು ಕಿರುಚುವ ಅಪ್ಪನ ಕಡೆ ಒಮ್ಮೆ ತಿರುಗಿ ನೋಡಿದ್ದರಿಂದಲೇ ಎರಡನೆಯವಳಾದ ಹುಡುಗಿ ನನ್ನ ಕಣ್ಣಮುಂದೆ ಇದ್ದಾಳೆ.

ಮೊದಲು ಮೈ ವಿಷಯ. ಇದನ್ನು ಅಮ್ಮಂದಿರು ಗಮನವಿಟ್ಟು ಓದಬೇಕು, ಅಪ್ಪಂದಿರು ಪುಟ ತಿರುಗಿಸಬಾರದು. ಐದನೇ ಕ್ಲಾಸಿನಲ್ಲಿ ಗಂಡುಹುಡುಗರನ್ನೂ ಹಿಂದೆ ಹಾಕಿದ ಹುಡುಗಿ ಎಂಟು, ಒಂಬತ್ತಕ್ಕೆ ಬರುವಾಗ ನಿಧಾನವಾಗುತ್ತಾಳೆ. ಮೈ ಬೆಳೆಯುತ್ತದೆ, ಸೊಂಟ ಅಗಲವಾಗುತ್ತದೆ, ತೂಕ ಕೂಡುತ್ತದೆ, ಓಟದ ಲಯ ತಪ್ಪುತ್ತದೆ. ಪ್ರಪಂಚದ ಎಲ್ಲ ಕಡೆಯ ಹುಡುಗಿಯರಿಗೂ ಹೀಗಾಗುತ್ತದೆ. ಮುಟ್ಟು ಶುರುವಾದ ಮೇಲೆ ರಕ್ತದಲ್ಲಿ ಕಬ್ಬಿಣದ ಅಂಶ ಇಳಿದರೆ ಏದುಸಿರು ಬರುತ್ತದೆ, ಕಾಲು ಸೋಲುತ್ತದೆ. ನಾವು ಅದಕ್ಕೆ "ಸೋಮಾರಿಯಾದಳು" ಎಂದು ಹೆಸರಿಡುತ್ತೇವೆ. ದಯಮಾಡಿ ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದರೆ ಅವರು ಕೊಡುವ ಮಾತ್ರೆಯನ್ನು ಹೇಳಿದಷ್ಟು ದಿನ ನುಂಗಿಸಿ. ಮನೆಯಲ್ಲಿ ರಾಗಿ, ಕಾಳು, ಸೊಪ್ಪು, ಕಡಲೆಕಾಯಿ ಇದ್ದೇ ಇರುತ್ತವೆ. ತಿನ್ನುವ ಮನೆಯಾದರೆ ಮೊಟ್ಟೆ. ಗಂಡುಮಗನಿಗೆ ಬಡಿಸಿ ಉಳಿದದ್ದು ಅಂತಲ್ಲ, ಅವಳಿಗೆಂದು ಬಡಿಸಿದ್ದು. ಒಂದು, ಒಂದೂವರೆ ವರ್ಷ ತಾಳ್ಮೆಯಿಂದಿದ್ದರೆ ಹೊಸ ಮೈಗೆ ಹೊಸ ಓಟ ಒಗ್ಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಆ ಅವಧಿಯಲ್ಲೇ ನಾವು ಅವಳನ್ನು ಮನೆಯಲ್ಲಿ ಕೂರಿಸುತ್ತೇವೆ.

ಎಸ್ಸೆಸ್ಸೆಲ್ಸಿ ಬಂತೆಂದರೆ ಆಟ ಬಂದ್ ಎಂಬುದು ನಮ್ಮ ಜಿಲ್ಲೆಯಲ್ಲಿ ಬರೆಯದ ಕಾನೂನು. ನಾನು ಓದಿನ ವಿರೋಧಿಯಲ್ಲ, ಮೇಷ್ಟ್ರ ಮಗಳು. ಆ ವರ್ಷ ಕೂಟಗಳಿಗೆ ಕಳಿಸಬೇಡಿ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಮುಕ್ಕಾಲು ಗಂಟೆ ಓಡಲು ಬಿಡಿ. ಪೂರ್ತಿ ನಿಂತ ಕಾಲನ್ನು ಮತ್ತೆ ಎಬ್ಬಿಸುವುದು ಬಹಳ ಕಷ್ಟ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆ ನಡೆಯುತ್ತದೆ. ದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಹೋಗಿ ಇಲಾಖೆಯವರನ್ನು ಕೇಳಿ, ನಿಮ್ಮ ಶಾಲೆಯ ಪಿಟಿ ಮೇಷ್ಟ್ರನ್ನು ಪೀಡಿಸಿ. ಪೀಡಿಸಿದರೆ ಬೇಜಾರು ಮಾಡಿಕೊಳ್ಳುವವರು ಕಡಿಮೆ, ಯಾರೂ ಕೇಳುವುದಿಲ್ಲ ಎಂಬುದೇ ನಮಗಿದ್ದ ಕೊರಗು.

ಇನ್ನೊಂದು ಸಣ್ಣ ಕೆಲಸ. ಒಂದು ನೋಟ್‌ಬುಕ್ಕು ತಂದು, ಸ್ಥಾನ ಬರೆಯಬೇಡಿ, ಸಮಯ ಬರೆಯಿರಿ. ಎಷ್ಟು ಸೆಕೆಂಡು, ಎಷ್ಟು ಮೀಟರು, ಮಳೆ ಇತ್ತೇ, ಹೊಟ್ಟೆನೋವಿತ್ತೇ, ಎಲ್ಲ. ಗಾಲ್ಫಿನಲ್ಲೂ ಪ್ರತಿ ಕುಳಿಯ ಹೊಡೆತ ಕಾರ್ಡಿನಲ್ಲಿ ದಾಖಲಾಗುತ್ತದೆ, ಆಟಗಾರ್ತಿ ಅದನ್ನು ನೋಡಿ ಸಹಿ ಹಾಕಲೇಬೇಕು. ವಿಭಾಗ ಮಟ್ಟದಲ್ಲಿ ಆರನೆಯವಳಾದ ಹುಡುಗಿ ಜಿಲ್ಲೆಯಲ್ಲಿ ಗೆದ್ದ ದಿನಕ್ಕಿಂತ ಎರಡು ಸೆಕೆಂಡು ವೇಗವಾಗಿ ಓಡಿರಬಹುದು. ಪುಸ್ತಕ ಇಲ್ಲದಿದ್ದರೆ ಅದು ಅವಳಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಸೋತು ಬಂದ ಸಂಜೆ ಮಾತ್ರ ಆ ಪುಸ್ತಕ ತೆರೆಯಬೇಡಿ. ಊಟ ಹಾಕಿ, ಮಲಗಲು ಬಿಡಿ.

"ದುಡ್ಡಿದ್ದವರ ಉದಾಹರಣೆ ಕೊಟ್ಟಿರಿ" ಎನ್ನುವವರಿಗೆ ನಮ್ಮದೇ ಆಟದ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದಾಗ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ಮಿಂಚಿದವಳು ತಿ.ನರಸೀಪುರ ತಾಲೂಕು ಕುರುಬೂರಿನ ಚೈತ್ರಾ, ರೈತರ ಮನೆಯ ಮಗಳು. ಖೋಖೋಗೆ ಹುಲ್ಲುಹಾಸು ಬೇಡ, ಹದಿನಾಲ್ಕು ಕೋಲು ಬೇಡ, ಎರಡು ಕಂಬ ಸಾಕು. ಎರಡು ಕಂಬ ನಮ್ಮ ಯಾವ ಊರಲ್ಲಿಲ್ಲ?

ಮದುವೆಯ ಮಾತನ್ನು ಎತ್ತದೆ ಹೋದರೆ ಈ ಪತ್ರ ಬರೆದೂ ವ್ಯರ್ಥ. "ಈ ವರ್ಷ ಸ್ಟೇಟ್‌ಗೆ ಹೋದ್ರೆ ಸರಿ, ಇಲ್ದಿದ್ರೆ ಸಂಬಂಧ ಬಂದಿದೆ" ಎಂಬ ಷರತ್ತು ಹಾಕಬೇಡಿ. ಹದಿನೆಂಟು ತುಂಬದಿದ್ದರೆ ಅದು ಅಪರಾಧ, ನಿಮಗೆ ಗೊತ್ತಿದೆ. ತುಂಬಿದ್ದರೂ, ಓಟದ ಗೆರೆಯಲ್ಲಿ ನಿಂತವಳ ಎದುರಿಗೆ ಕಲ್ಯಾಣ ಮಂಟಪ ನಿಲ್ಲಿಸಿದರೆ ಅವಳು ಓಡುವುದು ಎಲ್ಲಿಗೆ?

ಪ್ರತಿವರ್ಷ ನವೆಂಬರ್ 11ಕ್ಕೆ ಓಬವ್ವನ ಜಯಂತಿ ಮಾಡುತ್ತೇವೆ. ನಮ್ಮ ಹುಡುಗಿಯರು ಒನಕೆ ಹಿಡಿದು ವೇದಿಕೆ ಹತ್ತುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ಆ ತಾಯಿಗೆ ನನ್ನದೂ ಕೈಮುಗಿತ. ಆದರೆ ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ಒಂದು ಹೊತ್ತು ತೋರಿಸಿದ ಶೌರ್ಯವನ್ನಷ್ಟೇ ನೋಡಿ ನೋಡಿ, ಹೆಣ್ಣಿನ ಸಾಹಸ ಎಂದರೆ ಒಂದೇ ಏಟಿಗೆ ಆಗಿಬಿಡುವಂಥದ್ದು ಎಂದು ನಂಬಿದ್ದೇವೇನೋ ಎಂದು ನನಗೆ ಅನುಮಾನ. ಆಟದ ಬದುಕಿನಲ್ಲಿ ಅಂಥ ಹೊತ್ತು ಅಪರೂಪ. ಉಳಿದದ್ದೆಲ್ಲ ಮಾಮೂಲಿ ಮಂಗಳವಾರ, ಬುಧವಾರಗಳು. ನಮ್ಮ ಹಿರಿಯೂರಿನ ಜಲಾಶಯವನ್ನೇ ನೋಡಿ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ, 89 ವರ್ಷಕ್ಕೆ. ನಡುವಿನ ಅಷ್ಟೂ ವರ್ಷ ಕೋಡಿ ಬೀಳದ ಆ ಕೆರೆಯನ್ನೇ ನೆಚ್ಚಿಕೊಂಡು ಹಿರಿಯೂರಿನವರು ತೋಟ ಮಾಡಿದರು. ಮಗಳಿಗಾಗಿ 89 ವರ್ಷ ಕಾಯಿರಿ ಎನ್ನುವಷ್ಟು ಧೈರ್ಯ ನನಗಿಲ್ಲ. ಐದು ವರ್ಷ ಕೇಳುತ್ತೇನೆ.

ಎಲ್ಲ ಹುಡುಗಿಯರೂ ದೇಶಕ್ಕೆ ಆಡುವುದಿಲ್ಲ, ಹೆಚ್ಚಿನವರು ಜಿಲ್ಲೆಯನ್ನೂ ದಾಟುವುದಿಲ್ಲ. ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲು ನಾನು ಬರೆಯುತ್ತಿಲ್ಲ. ಒಂದು ದಿನ ಅವಳೇ "ಸಾಕಮ್ಮ" ಎಂದರೆ, ಸಾಕು. ಆ ಮಾತು ಅವಳ ಬಾಯಿಂದ ಬರಲಿ.

ಈ ಸಲ ತಾಲೂಕು ಮಟ್ಟದ ಕೂಟದ ದಿನಾಂಕವನ್ನು ಶಾಲೆಯಲ್ಲಿ ಕೇಳಿ ತಿಳಿದುಕೊಂಡು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಬನ್ನಿ. ಒಂದೇ ಊರಿನ ಮೂರು ನಾಲ್ಕು ಮನೆಯವರು ಸರದಿಯ ಮೇಲೆ ಬಂದರೂ ಆಗುತ್ತದೆ, ಒಬ್ಬರ ಕೂಲಿ ತಪ್ಪಿದರೆ ಉಳಿದವರು ಬಸ್ ಚಾರ್ಜು ಹಂಚಿಕೊಳ್ಳಿ. ಅವಳ ಬ್ಯಾಗು ನೀವು ಹಿಡಿದುಕೊಳ್ಳಿ. ಗೆರೆಯಿಂದ ಹತ್ತು ಹೆಜ್ಜೆ ದೂರ ನಿಲ್ಲಿ. ನಮ್ಮ ಮೈದಾನಗಳಲ್ಲಿ ನೆರಳು ಕಡಿಮೆ, ಕೊಡೆ ಮತ್ತು ಕುಡಿಯುವ ನೀರು ತರುವುದನ್ನು ಮರೆಯಬೇಡಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಕಿ
ಹೊಸದುರ್ಗ, ಚಿತ್ರದುರ್ಗ ಜಿಲ್ಲೆ